ಅವ್ವ ಯಾರ ಅಕ್ಕಿ ಉಣ್ಣುತ್ತಿದ್ದಳು

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. "ಹೌದ್ರೀ, ನಮ್ಮವ್ವ ಇಲ್ಲೇ ಮಗಳ ಹತ್ರನ ಇರ್ತಾಳ" ಅನ್ನಬೇಕಿತ್ತು. ಬೆಳಗಾವಿಯ ಅನಗೋಳದಲ್ಲಿ ತಂಗಿಯ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಮಾತು ಬಾಯಿಯ ತನಕ ಬಂದಿತ್ತು. ಹೇಳಲಿಲ್ಲ. ಆಮೇಲೆ, ಹೇಳದೆ ಹೋದವನು ನಾನೇ ಅಂತ ತಂಗಿಗೆ ತಿಳಿಸಬೇಕಿತ್ತು. ಅದನ್ನೂ ಮಾಡಲಿಲ್ಲ. ತಪ್ಪು ಇನ್ನೊಬ್ಬ ಹೆಂಗಸಿನ ತಲೆಯ ಮೇಲೆ ಬಿತ್ತು, ನಾನು ನೋಡುತ್ತ ಸುಮ್ಮನಿದ್ದೆ. ಇದಕ್ಕೆಲ್ಲ ಕಾರಣ ಹೊಟ್ಟೆಕಿಚ್ಚು. ಬೇರೆ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ.

ನಮ್ಮ ಮನೆ ಖಾನಾಪುರದಲ್ಲಿ. ನನಗೆ ಹಂಚಿನ ಭಟ್ಟಿಯಲ್ಲಿ ಕೆಲಸ. ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ. ಸಾಲೆ ಬಿಟ್ಟು ಮಣ್ಣು ತುಳಿಯಲು ಹೋದೆ. ತಂಗಿ ಮಾತ್ರ ಏಳನೇ ಇಯತ್ತೆಯವರೆಗೆ ಕಲಿತಳು. ನಾನು ಮಣ್ಣು ತುಳಿದದ್ದಕ್ಕೇ ಅವಳು ಅಕ್ಷರ ಕಲಿತದ್ದು ಅಂತ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗುತ್ತಿದ್ದೆ. ಆಗ ಅದು ಅಭಿಮಾನ ಅಂದುಕೊಂಡಿದ್ದೆ. ಈಗ ನೋಡಿದರೆ ಅದರೊಳಗೂ ಕಿಚ್ಚಿನ ಒಂದು ಕಿಡಿ ಇತ್ತು.

ತಂಗಿಯನ್ನು ಬೆಳಗಾವಿಗೆ ಕೊಟ್ಟೆವು. ಗಂಡ ಗಿರಣಿಯಲ್ಲಿದ್ದ. ಕಾಮಾಲೆಯಾಗಿ ಬೇಗ ಹೋದ, ಮಕ್ಕಳಿರಲಿಲ್ಲ. ಗಿರಣಿಯವರು ಅವನ ಜಾಗದಲ್ಲಿ ಅವಳನ್ನೇ ತೆಗೆದುಕೊಂಡರು. ನಾನು ಊರಿಗೆ ಕರೆತರಲು ಹೋದಾಗ, "ಅಣ್ಣಾ, ನಾ ಇಲ್ಲೇ ದುಡದ ತಿಂತೀನಿ. ನಿನ್ನ ಮ್ಯಾಲ ಭಾರ ಆಗೂದಿಲ್ಲ" ಅಂದಳು. ಭಾರವಾಗುತ್ತಾಳೆಂದು ಹೆದರುತ್ತಲೇ ನಾನು ಹೋಗಿದ್ದೆ. ಆದರೂ ಅವಳು ಆ ಮಾತು ಅಂದದ್ದು ನನಗೆ ಸೇರಲಿಲ್ಲ.

ಗಿರಣಿಯ ಕೆಲಸದ ಜೊತೆ ಅವಳಿಗೊಂದು ವಿಮಾ ಕಾರ್ಡು ಬಂತು. ದೀಪಾವಳಿಗೆ ಊರಿಗೆ ಬಂದವಳು ಅದನ್ನು ಸೆರಗಿನಿಂದ ಬಿಚ್ಚಿ ಅವ್ವನ ಕೈಯಲ್ಲಿಟ್ಟಳು. ಅವ್ವನಿಗೆ ಆಗಲೇ ದಮ್ಮು ಹತ್ತಿತ್ತು. ಭಟ್ಟಿಯ ಹೊಗೆ ಊರ ಮೇಲೆ ಕೂತ ದಿನ ಅವಳ ಎದೆಯಲ್ಲಿ ಬೆಕ್ಕಿನ ಮರಿ ಕೂಗಿದ ಹಾಗೆ ಕೇಳುತ್ತಿತ್ತು.

"ನನ್ನ ಪಗಾರದಾಗ ಒಂದಿಷ್ಟು ಹಿಡೀತಾರ" ಅಂತ ತಂಗಿ ತಿಳಿಸಿ ಹೇಳಿದಳು. "ಮಾಲಕರದು ಒಂದು ಪಾಲು, ಸರಕಾರದ್ದೂ ಒಂದು ಪಾಲು. ಮೂರೂ ಕೂಡಿ ವಿಮಾ ದವಾಖಾನಿ ನಡೀತೈತಿ. ವಯಸ್ಸಾದ ತಂದಿ ತಾಯಿ ನಮ್ಮನ್ನ ನೆಚ್ಚಿ ನಮ್ಮ ಹತ್ರ ಇದ್ರ ಅವರಿಗೂ ಔಷಧ ಕೊಡ್ತಾರ. ಅವ್ವನ ಹೆಸರು ಬರಸೀನಿ ನೋಡು."

ನಾನು ಓದಬಲ್ಲೆ. ಮೇಲೆ ತಂಗಿಯ ಹೆಸರು, ಅದರ ಕೆಳಗೆ ಅವ್ವನದು. ಅವ್ವ ಓದು ಬಾರದವಳು, ತನ್ನ ಹೆಸರಿರುವ ಜಾಗ ಯಾವುದೆಂದು ಕೇಳಿಕೊಂಡು ಅದರ ಮೇಲೆ ಬೆರಳಿಟ್ಟುಕೊಂಡು ಕೂತಳು.

"ಸರಕಾರನ ಬೀಗರಾದಂಗಾತು ಬಿಡ್ರಿ ನಿಮ್ಮ ತಂಗಿಗೆ" ಅಂದಳು ನನ್ನ ಹೆಂಡತಿ, ನಗುತ್ತ. "ಅತ್ತಿ ಔಷಧಕ್ಕ ಸರಕಾರ ಸೈತ ಪಾಲು ಹಾಕತೈತಿ. ನಿಮ್ಮದೇನು ಪಾಲು?"

ಅವಳು ನಗೆಚಾಟಿಗೆ ಅಂದದ್ದು. ಆದರೆ ಆ ಮಾತು ನನ್ನೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು. ನಾನು ಹಿರಿಯ ಮಗ. ತಾಯಿಯ ಔಷಧದಲ್ಲಿ ಗಿರಣಿ ಮಾಲಕನಿಗೆ ಪಾಲಿದೆ, ಯಾವತ್ತೂ ನಮ್ಮ ಮುಖ ನೋಡದ ಸರಕಾರಕ್ಕೆ ಪಾಲಿದೆ, ಮದುವೆ ಮಾಡಿ ಕೊಟ್ಟ ಮಗಳಿಗೆ ಪಾಲಿದೆ. ನನಗಿಲ್ಲ.

ಭಟ್ಟಿಯ ಗುಮಾಸ್ತನನ್ನು ಒಂದು ಸಲ ಕೇಳಿಯೂ ನೋಡಿದೆ. "ನಮಗ್ಯಾಕ ಆ ಕಾರ್ಡು ಕೊಡೂದಿಲ್ರಿ?"

"ಮಳಿ ಹತ್ತಿದ ಕೂಡಲೇ ಭಟ್ಟಿ ಬಂದ್, ನೀ ಮನ್ಯಾಗ ಕುಂದರತಿ" ಅಂದ. "ವರ್ಷಪೂರ್ತಿ ನಡಿಯೂ ಕಾರಖಾನಿಗೆ ಆ ಕಾಯ್ದೆ. ಕುಂತವಗ ಎಲ್ಲೀ ಕಾರ್ಡಪಾ?"

ಅವತ್ತು ಭಟ್ಟಿಯಲ್ಲಿ ಹಂಚು ಪೇರಿಸುವಾಗ ಎರಡು ಸಾಲು ಒಡೆದೆ. ಕೈ ಜಾರಿತು ಅಂತ ಹೇಳಿದೆ.

ಅವ್ವ ಹದಿನೈದು ದಿನಕ್ಕೊಮ್ಮೆ ರೈಲುಗಾಡಿ ಹತ್ತಿ ಬೆಳಗಾವಿಗೆ ಹೋಗತೊಡಗಿದಳು. ನಾಲ್ಕಾರು ದಿನ ತಂಗಿಯ ಹತ್ತಿರ ಇದ್ದು, ದವಾಖಾನೆಗೆ ತೋರಿಸಿಕೊಂಡು, ಔಷಧ ತರುತ್ತಿದ್ದಳು. ಹೋಗುವಾಗ ತನ್ನ ಅಕ್ಕಿ ತಾನೇ ಒಯ್ಯುತ್ತಿದ್ದಳು. ಅಪ್ಪನ ಹಳೆಯ ಧೋತರ ಹರಿದು ಹೊಲಿದ ಸಣ್ಣ ಚೀಲ ಅದು. ಕೊಟ್ಟ ಹೆಣ್ಣುಮಗಳ ಮನೆಯಲ್ಲಿ ತಾಯಿ ಬಿಟ್ಟಿ ಉಣ್ಣಬಾರದು ಅನ್ನುವುದು ಅವಳ ರಿವಾಜು, ಅವಳ ತಾಯಿಯದೂ ಹಾಗೇ ಇತ್ತಂತೆ. ತಂಗಿ ಪ್ರತಿ ಸಲ ಸಿಟ್ಟು ಮಾಡುತ್ತಿದ್ದಳು.

"ಯವ್ವಾ, ನನ್ನ ಮನ್ಯಾಗ ಅಕ್ಕಿ ಇಲ್ಲೇನ? ಗಂಡನ ಮನಿ ಎಲ್ಲೈತಿ ಈಗ? ಇದು ನಂದ ಮನಿ."

"ಇರಲಿ ಬಿಡವಾ. ನನ್ನ ಜೀವಕ್ಕ ಸಮಾಧಾನ."

ಬಾಜು ಮನೆಯ ಮರಾಠಿ ಹೆಂಗಸನ್ನು ತಂಗಿ ಕಾಕೂ ಅಂತ ಕರೆಯುತ್ತಿದ್ದಳು. ಒಳ್ಳೆಯ ಬಾಯಿ ಮಾತಿನವಳು. ಚೀಲ ಗೂಟಕ್ಕೆ ನೇತು ಬಿದ್ದ ಕೂಡಲೇ ಬಾಗಿಲಿಗೆ ಬರುತ್ತಿದ್ದಳು. "ಅಗ ಬಾಯಿ, ಬಂತು ನೋಡ್ರಿ ಖಾನಾಪುರದ ಗೋದಾಮ! ಮಾವಶಿ, ಮಗಳ ಔಷಧ ನಡೀತೈತಿ, ಮಗಳ ಅಕ್ಕಿ ನಡಿಯೂದಿಲ್ಲ ಏನು ನಿಮಗ?"

"ಔಷಧ ಸರಕಾರದ್ದವಾ" ಅನ್ನುತ್ತಿದ್ದಳು ಅವ್ವ. "ಸರಕಾರಕ್ಕೇನು, ಅದು ನನ್ನ ಹೊಟ್ಟ್ಯಾಗ ಹುಟ್ಟೈತೇನ?"

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಆ ಚೀಲ ನಗೆಯ ವಿಷಯ ಆಗಿರಲಿಲ್ಲ. ನನಗಿದ್ದ ಒಂದೇ ಪಾಲು ಅದು. ಮನೆಯಲ್ಲಿ ನುಚ್ಚು ತಿಂದರೂ ಚೀಲಕ್ಕೆ ಇಡಿ ಅಕ್ಕಿ ಆರಿಸಿ, ಕುಕ್ಕಿ ಕುಕ್ಕಿ ತುಂಬುತ್ತಿದ್ದೆ.

ತಿರುಗಿ ಬಂದ ಅವ್ವನ ಉಸಿರು ಹಗುರಾಗಿರುತ್ತಿತ್ತು. ಬಂದವಳೇ ಕಸ ಗುಡಿಸುವಳು, ರೊಟ್ಟಿ ಬಡಿಯುವಳು. ಔಷಧದ ಬಾಟಲಿಗೆ ಎಷ್ಟೆಷ್ಟು ಕುಡಿಯಬೇಕೆಂದು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಅದನ್ನು ಓಣಿಯವರಿಗೆಲ್ಲ ತೋರಿಸಿ, "ನನ್ನ ಮಗಳ ಡಾಕ್ಟರು ಕೊಟ್ಟಾರ" ಅನ್ನುವಳು. ತಾಯಿ ಗುಣವಾಗಿ ಬಂದರೆ ಯಾವ ಮಗನಿಗೆ ಸಂತೋಷವಾಗುವುದಿಲ್ಲ? ನನಗೆ ಆಗುತ್ತಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವ್ವ ಒಮ್ಮೆ ಮೆಟ್ಟಿಲ ಮೇಲೆ ಏದುಸಿರು ಬಿಟ್ಟು ಕೂತಾಗ, "ಯಾಕ, ಮಗಳ ಡಾಕ್ಟರ ಔಷಧ ನಡೀಲಿಲ್ಲೇನು?" ಅಂದಿದ್ದೇನೆ.

ಹಠಕ್ಕೆ ಬಿದ್ದು ಒಬ್ಬ ವೈದ್ಯನಿಂದ ಕಪ್ಪು ಪುಡಿಯ ಪೊಟ್ಟಣ ತಂದೆ. ಜೇನಿನಲ್ಲಿ ಕಲಸಿ ನೆಕ್ಕಬೇಕು. ಅವ್ವ ನನ್ನೆದುರಿಗೆ ನೆಕ್ಕಿದಳು. "ಹಗುರ ಅನಸ್ತೈತೇನವಾ?" ಅಂದೆ. "ಹೂಂ, ಚಲೋ ಅನಸ್ತೈತಿ" ಅಂದಳು. ಆಮೇಲೆ ಹಿತ್ತಲಿಗೆ ಹೋದಾಗ ಒಲೆಯ ಬೂದಿಯ ಮೇಲೆ ಕಪ್ಪು ಪುಡಿ ಬಿದ್ದದ್ದು ಕಂಡೆ. ಅವತ್ತಿನಿಂದ ತಂಗಿಯ ಮೇಲೆ ಇನ್ನಷ್ಟು ಉರಿದೆ, ಅವಳು ಮಾಡಿದ್ದು ಏನೂ ಇಲ್ಲದಿದ್ದರೂ.

ತಂಗಿ ನನ್ನನ್ನು ಕೇಳಿಕೊಂಡದ್ದೂ ಉಂಟು. "ಅಣ್ಣಾ, ಅವ್ವನ್ನ ಖಾಯಂ ನನ್ನ ಹತ್ರ ಬಿಡು. ಹೊಗಿ ತಪ್ಪತೈತಿ. ಕಾರ್ಡಿನಾಗ ಬರಸಿದ್ದೂ ಖರೇ ಆಗತೈತಿ."

"ಮಗ ಸತ್ತಾನೇನ?" ಅಂದೆ. ಅವಳು ಆ ಮಾತು ಅಲ್ಲಿಗೇ ಬಿಟ್ಟಳು.

ಒಂದು ಸಲ ಅವ್ವನಿಗೆ ಒಬ್ಬಳೇ ಗಾಡಿ ಹತ್ತುವ ಶಕ್ತಿ ಇರಲಿಲ್ಲ. ನಾನೇ ಕರೆದುಕೊಂಡು ಹೋದೆ. ತಂಗಿಗೆ ಬೆಳಗಿನ ಪಾಳಿ. ಕಾರ್ಡು ನನ್ನ ಕೈಗೆ ಕೊಟ್ಟು ಗಿರಣಿಗೆ ಹೋದಳು. ದವಾಖಾನೆಯಲ್ಲಿ ಡಾಕ್ಟರು ಅವ್ವನನ್ನು ಕಂಡು ನಕ್ಕರು.

"ಬರ್ರಿ ಅಜ್ಜಿ, ಕುಂದರ್ರಿ. ಮಗಳು ಬಂದಿಲ್ಲೇನ್ರಿ ಇವತ್ತು? ಇವರ್ಯಾರು?"

"ಇಂವ ನನ್ನ ಮಗರೀ. ಊರಾಗಿರ್ತಾನ."

"ಹೌದ? ಮಗ ಇರೂದು ಹೇಳೇ ಇಲ್ಲಲ್ರಿ ನೀವು. ಯಾವಾಗ ನೋಡಿದರೂ ಮಗಳದ ಹೊಗಳಿಕಿ."

ಅವರು ತಮಾಷೆಗೆ ಅಂದರು. ನನ್ನ ಉಗುರಲ್ಲಿ ಹಂಚಿನ ಕೆಂಪು ಮಣ್ಣು ಇತ್ತು. ಕೈ ಹಿಂದೆ ಕಟ್ಟಿಕೊಂಡೆ. ಇಷ್ಟು ವರ್ಷದಲ್ಲಿ ಅವ್ವ ಈ ಮನುಷ್ಯನ ಮುಂದೆ ನನ್ನ ಹೆಸರು ಎತ್ತಿಲ್ಲ ಅನ್ನುವುದು ಬಿಟ್ಟರೆ ಬೇರೇನೂ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಅವ್ವನನ್ನು ಒಳಗೆ ಮಲಗಿಸಿ ಕಟ್ಟೆಯ ಮೇಲೆ ಕೂತೆ. ಕಾಕೂ ಪೇಟೆಗೆ ಹೋಗಿದ್ದಳು, ಅವಳ ಬಾಗಿಲಿಗೆ ಕೀಲಿ ಇತ್ತು.

ಆ ಹೊತ್ತಿಗೇ ವಿಮಾ ಕಚೇರಿಯ ಮನುಷ್ಯ ಸೈಕಲ್ ಮೇಲೆ ಬಂದ. ತಂಗಿಯ ಹೆಸರು ಹೇಳಿ ಮನೆ ಇದೇ ಏನು ಅಂತ ಕೇಳಿದ.

"ಇವರ ಕಾರ್ಡಿನಾಗ ತಾಯಿ ಹೆಸರು ಬರಸ್ಯಾರ. ತಾಯಿ ಇವರನ್ನ ನೆಚ್ಚಿ ಇಲ್ಲೇ ಇರ್ತಾರಲ್ರಿ? ಒಂದು ಸಲ ನೋಡಿ ಹೋಗೂಣು ಅಂತ ಬಂದೆ. ನೀವ್ಯಾರು?"

"ನಾ ಆಕಿ ಮಗ" ಅಂದೆ. "ಹಿರೇ ಮಗ."

ಅವನು ಪೆನ್ನು ಎತ್ತಿ ಹಿಡಿದ. ಬರೆಯಲಿಲ್ಲ. ಒಳ್ಳೆಯ ಮನುಷ್ಯನೇ. ದನಿ ಇಳಿಸಿ, "ನೋಡಿ ಹೇಳ್ರಿ. ಇಲ್ಲೇ ಅಂದ್ರ ಇಲ್ಲೇ ಅಂತ ಬರಕೊಳ್ತೀನಿ. ವಯಸ್ಸಾದವರು, ಔಷಧ ತಪ್ಪಬಾರದು" ಅಂದ.

ಅಷ್ಟು ಜಾಗ ಬಿಟ್ಟುಕೊಟ್ಟಿದ್ದ. ನಾನು ಏನಂದೆ?

"ಮಗ ಬದುಕಿರೂವಾಗ ತಾಯಿ ಮಗಳನ್ನ ಯಾಕ ನೆಚ್ಚತಾಳ್ರಿ? ಆಕಿ ಖಾನಾಪುರದಾಗ ನನ್ನ ಮನ್ಯಾಗ ಇರ್ತಾಳ. ಇಲ್ಲಿ ಬಂದು ನಾಕು ದಿನ ಇದ್ದರೂ ನನ್ನ ಅಕ್ಕಿನ ಉಣ್ತಾಳ. ಅಗಾ, ಗೂಟದ ಮ್ಯಾಲ ಚೀಲ ನೋಡ್ರಿ. ಬೇಕಾರ ಒಳಗ ಬಂದು ಕೈಯಾಡಸ್ರಿ."

ಅವನು ಒಳಗೆ ಇಣುಕಿ ಚೀಲ ನೋಡಿದ. ಚಾಪೆಯ ಮೇಲಿದ್ದ ಅವ್ವನನ್ನೂ ನೋಡಿದ. ಏನೋ ಬರೆದುಕೊಂಡು ಹೋದ. ನಾನು ಒಳಗೆ ಬಂದಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಇರಲಿಲ್ಲ, ಉಸಿರಿನಿಂದ ಗೊತ್ತಾಗುತ್ತಿತ್ತು.

ನಾನು ಸುಳ್ಳೇನು ಹೇಳಿದೆ? ಎಷ್ಟೋ ದಿನ ಇದೇ ಮಾತನ್ನು ಊರುಗೋಲು ಮಾಡಿಕೊಂಡೆ. ಅವ್ವ ಹೆಚ್ಚು ದಿನ ಇದ್ದದ್ದು ನನ್ನ ಮನೆಯಲ್ಲೇ, ಉಂಡದ್ದು ನನ್ನ ಅಕ್ಕಿಯನ್ನೇ. ಆದರೆ ಅವಳನ್ನು ಅನಗೋಳಕ್ಕೆ ಬಿಡು ಅಂತ ತಂಗಿ ಕೇಳಿದಾಗ ಬಿಡದವನೂ ನಾನೇ. ತಂಗಿ ಬರೆಸಿದ್ದು ಖರೇ ಆಗದ ಹಾಗೆ ತಡೆದು, ಆಮೇಲೆ ಅದು ಖೊಟ್ಟಿ ಅಂತ ಬೆರಳು ಮಾಡಿ ತೋರಿಸಿದೆ.

ಮುಂದಿನ ಸಲ ದವಾಖಾನೆಯಲ್ಲಿ ಅವ್ವನಿಗೆ ಔಷಧ ಕೊಡಲಿಲ್ಲ. ಹೆಸರು ತೆಗೆದಿದ್ದಾರೆ ಅಂದರು. ತಂಗಿ ಅರ್ಧ ದಿನದ ರಜೆ ಹಾಕಿ ಕಚೇರಿಗೆ ಹೋಗಿ ಕೇಳಿದಳು. "ಮನಿ ಹತ್ರ ವಿಚಾರಣೆ ಮಾಡ್ಯಾರ. ತಾಯಿ ಖಾನಾಪುರದ ಅಕ್ಕಿ ಉಣ್ತಾಳ, ನಿಮ್ಮನ್ನ ನೆಚ್ಚಿಲ್ಲ ಅಂತ ಹೇಳ್ಯಾರ" ಅಂತ ಗುಮಾಸ್ತರು ಹೇಳಿದರಂತೆ.

ಖಾನಾಪುರದ ಅಕ್ಕಿ! ಚೀಲದ ಸುದ್ದಿ ಅನಗೋಳದಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಅದಕ್ಕೆ ಸರಿಯಾಗಿ ಆ ತಿಂಗಳು ನಳದ ನೀರಿಗೆ ತಂಗಿಗೂ ಕಾಕೂಗೂ ಮಾತಿಗೆ ಮಾತಾಗಿತ್ತು. ತಂಗಿ ಅವಳ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಬೈದಳು. ಕಾಕೂ, "ಮಗಳ, ನನ್ನ ಮಕ್ಕಳಾಣಿ, ನಾ ಹೇಳಿಲ್ಲ" ಅಂದಳಂತೆ. ಆಣೆಗೆ ಬೆಲೆ ಬರಲಿಲ್ಲ. ಎರಡು ಮನೆಯ ಮಾತು ನಿಂತಿತು. ಇದನ್ನೆಲ್ಲ ತಂಗಿ ಊರಿಗೆ ಬಂದು ಅಳುತ್ತ ಹೇಳಿದಾಗ ನಾನು ಎದುರಿಗೇ ಕೂತಿದ್ದೆ.

"ಹೋಗಲಿ ಬಿಡು" ಅಂದೆ. "ಕೆಲವು ಮಂದಿ ಹಂಗ ಇರ್ತಾರ."

ಅವ್ವ ಒಲೆಯ ಮುಂದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ಒಲೆ ಊದಲು ಬಾಗಿದಳು. ಊದಲಿಕ್ಕೆ ಉಸಿರು ಸಾಲಲಿಲ್ಲ.

ತಂಗಿ ಹೋದ ಮೇಲೆ ಅವ್ವ ಒಂದೇ ಸಲ ಮಾತೆತ್ತಿದಳು. "ನಾ ಹೇಳಾಂಗಿಲ್ಲ ಮಗನ. ನಾ ಹೇಳಿದರ ನೀವಿಬ್ಬರೂ ನನ್ನ ಕೈ ಬಿಟ್ಟು ಹೋಗ್ತೀರಿ. ನೀನ ಹೇಳು, ನಿನಗ ತಿಳದಾಗ."

ನನಗೆ ತಿಳಿಯಲಿಲ್ಲ. ಒಳಗೊಳಗೆ ಒಂದು ಥರದ ಗೆಲುವೇ ಇತ್ತು. ಈಗ ಅವ್ವ ಪೂರಾ ನನ್ನವಳು, ಔಷಧವನ್ನೂ ನಾನೇ ತರುತ್ತೇನೆ ಅಂದುಕೊಂಡೆ. ಬೇಸಿಗೆ ಇರುವವರೆಗೆ ತಂದೆ. ತಂಗಿಯೂ ಕೈಲಾದದ್ದು ಕಳಿಸುತ್ತಿದ್ದಳು. ಅವಳು ಕಳಿಸಿದ್ದನ್ನು ಎರಡು ಸಲ ತಿರುಗಿ ಕಳಿಸಿದೆ. ಮಳೆ ಹತ್ತಿತು. ಭಟ್ಟಿ ಮುಚ್ಚಿತು. ಮಾತ್ರೆಯನ್ನು ಅರ್ಧ ಮಾಡಿ ಕೊಡತೊಡಗಿದೆ. ಖಾನಾಪುರದ ಮಳೆ ಗೊತ್ತಿದ್ದವರಿಗೆ ಗೊತ್ತು. ಉಟ್ಟ ಬಟ್ಟೆ ಒಲೆಯ ಮೇಲೆ ಹಿಡಿದರೂ ಒಣಗುವುದಿಲ್ಲ. ಅವ್ವ ಮಲಗುವುದನ್ನೇ ಬಿಟ್ಟಳು, ಗೋಡೆಗೆ ಆನಿಕೊಂಡು ಕೂತೇ ಇರುತ್ತಿದ್ದಳು. ಒಂದು ಮಧ್ಯಾಹ್ನ ತುಟಿ ನೀಲಿಯಾಯಿತು.

ಊರಿನ ಡಾಕ್ಟರು ಸೂಜಿ ಚುಚ್ಚಿ ಉಳಿಸಿದರು. "ಈ ಹೊಗಿ, ಈ ತೇವ ಇವರಿಗಾಗೂದಿಲ್ಲ. ಊರು ಬಿಡಸ್ರಿ" ಅಂದರು. "ಔಷಧ ಅರ್ಧ ಮಾಡಿ ಕೊಡ್ರಿ ಅಂತ ಯಾರು ಹೇಳಿದರು ನಿಮಗ?"

ಸುದ್ದಿ ತಿಳಿದು ತಂಗಿ ಬಂದಳು. ಈ ಸಲ ನನ್ನನ್ನು ಕೇಳಲಿಲ್ಲ. ಅವ್ವನ ಸೀರೆಗಳನ್ನು ಗಂಟು ಕಟ್ಟಿದಳು. ನಾನೂ ತಡೆಯಲಿಲ್ಲ. ಹೊರಡುವಾಗ ಅವ್ವ ಬಾಗಿಲು ಹಿಡಿದು ನಿಂತು, "ಚೀಲ ತುಂಬೋ" ಅಂದಳು. ತುಂಬಿದೆ. ಬಿಟ್ಟು ಬರಲು ನಾನೂ ಜೊತೆಗೆ ಹೋದೆ. ಗಾಡಿ ದೇಸೂರು ದಾಟಿದ ಮೇಲೆ ಅವ್ವ ತಂಗಿಯ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ. ಅದು ಯಾರ ಹೆಗಲು ಅಂತಲೇ ನಾನು ನೋಡುತ್ತಿದ್ದೆ. ಆಗಲೂ ನನ್ನ ಕಿಚ್ಚು ಆರಿರಲಿಲ್ಲ.

ಅವ್ವ ಆಮೇಲೆ ಅನಗೋಳದಲ್ಲೇ ಉಳಿದಳು. ಅವಳ ಹೆಸರು ಮತ್ತೆ ಕಾರ್ಡಿಗೆ ಏರಿತು, ಔಷಧ ಶುರುವಾಯಿತು, ಇನ್ನೂ ಕೆಲವು ಮಳೆಗಾಲ ನೋಡಿದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಮೊದಲಿನ ಹಾಗೆ ರೊಟ್ಟಿ ಬಡಿಯುವ ಅವ್ವ ತಿರುಗಿ ಬರಲಿಲ್ಲ. ನಾನು ಅರ್ಧ ಮಾಡಿದ ಮಾತ್ರೆಗಳು ತಮ್ಮ ಪಾಲು ತೆಗೆದುಕೊಂಡಿದ್ದವು.

ಹೆಸರು ಮತ್ತೆ ಏರುವ ಮೊದಲು ಒಂದು ಸಂಗತಿ ನಡೆಯಿತು. ತಂಗಿ ಹೊಸದಾಗಿ ಅರ್ಜಿ ಕೊಟ್ಟು ಕಚೇರಿಯವರ ದಾರಿ ಕಾಯುತ್ತಿದ್ದಳು. ಅವಳು ಪಾಳಿಗೆ ಹೋದಾಗ ಅವ್ವನಿಗೆ ದಮ್ಮು ಕಟ್ಟಿತು. ಗೋಡೆಯಾಚೆ ಕೆಮ್ಮು ಕೇಳಿ ಕಾಕೂ ಓಡಿ ಬಂದಳು. ಟಾಂಗಾ ತರಿಸಿ, ಅವ್ವನನ್ನು ತನ್ನ ಎದೆಗೆ ಆನಿಸಿಕೊಂಡು ದೊಡ್ಡ ದವಾಖಾನೆಗೆ ಒಯ್ದು, ತಂಗಿ ಬರುವವರೆಗೆ ಹತ್ತಿರ ಕೂತಿದ್ದಳು. ತಂಗಿ ಬಂದ ಕೂಡಲೇ ಮಾತಾಡದೆ ಎದ್ದು ಹೋದಳು.

ಆ ಭಾನುವಾರ ನಾನು ಹೋದಾಗ ತಂಗಿ ಇದನ್ನೆಲ್ಲ ಹೇಳಿ, "ಪಾಪ ತೊಳಕೊಳ್ಳಾಕ ಮಾಡ್ಯಾಳ" ಅಂದಳು. "ಕಡ್ಡಿ ಗೀರಿದಾಕಿನೂ ಅಕೀನ, ನೀರು ಹಾಕಾಕ ಬಂದಾಕಿನೂ ಅಕೀನ."

ಅಷ್ಟರಲ್ಲಿ ಕಾಕೂ ಬಂದಳು. ಹೊಸ್ತಿಲು ದಾಟಲಿಲ್ಲ. ಗಂಜಿಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, "ಮಾವಶಿಗೆ" ಅಂದು ಹೊರಳಿದಳು. ನಾನು ಅವತ್ತು ಕೂತಿದ್ದ ಜಾಗದಲ್ಲೇ ಬಟ್ಟಲು ಇತ್ತು. ತಂಗಿ ಅದನ್ನು ಮುಟ್ಟಲಿಲ್ಲ. ಹಾಸಿಗೆಯ ಮೇಲಿಂದ ಅವ್ವ ನನ್ನನ್ನು ನೋಡಿದಳು. ಒಲೆಯ ಮುಂದಿಂದ ಅವತ್ತು ನೋಡಿದ ಅದೇ ನೋಟ.

ನಾನು ಎದ್ದು ಗೂಟದಿಂದ ಚೀಲ ತೆಗೆದೆ. ಅದರಲ್ಲಿದ್ದ ಅಕ್ಕಿಯನ್ನು ತಂಗಿಯ ಅಕ್ಕಿಯ ಡಬ್ಬಿಗೆ ಸುರಿದು, ಯಾವುದು ಯಾರದೆಂದು ಗೊತ್ತಾಗದ ಹಾಗೆ ಕೈಯಾಡಿಸಿದೆ. ತಂಗಿ, "ಏನ ಮಾಡಾಕತ್ತೀ ಅಣ್ಣಾ?" ಅಂದಳು. ಖಾಲಿ ಚೀಲ ಹಿಡಿದುಕೊಂಡೇ ಬಾಗಿಲಿಗೆ ಬಂದೆ.

"ಕಾಕೂ, ನಿಂದರ್ರಿ. ನೀವೂ ಕೇಳಬೇಕು" ಅಂದೆ. ಅವಳು ತಿರುಗಿ ನಿಂತಳು. ಓಣಿಗೆ ಕೇಳುವ ಹಾಗೆಯೇ ಹೇಳಿದೆ.

"ತಂಗೀ, ಆ ಸಾಹೇಬನ ಮುಂದ ಹೇಳಿದಾಕಿ ಕಾಕೂ ಅಲ್ಲ, ನಾನು. ಈ ಚೀಲ ತೋರಿಸಿದವನೂ ನಾನ. ನಿನ್ನ ಕಾರ್ಡಿನಾಗ ಅವ್ವನ ಹೆಸರು ನೋಡಿ ನನ್ನ ಹೊಟ್ಟಿ ಉರೀತಿತ್ತು. ಅವ್ವನ ಉಸಿರು ಹೋದರೂ ಚಿಂತಿಲ್ಲ, ನಿನ್ನ ಪಾಲು ಹೋಗಲಿ ಅನಿಸಿತ್ತು. ಕಾಕೂ, ನನ್ನ ಪಾಲಿನ ಬೈಗಳ ನೀವು ಉಂಡ್ರಿ. ನಂದು ತಪ್ಪಾತು ತಂಗೀ. ತಪ್ಪಾತ್ರೀ ಕಾಕೂ. ಯವ್ವಾ, ನಂದ ತಪ್ಪು. ಹೊಟ್ಟ್ಯಾಗ ಹಾಕ್ಕೋರಿ."